ಸೈನು ಹಾಕೋ ಮುಂಚೆ ತಾರೀಕು ನೋಡಿ



ಸಾಹುಕಾರ ಸಿಟ್ಟಿನಿಂದ ಬಂದರೆ ನಾವು ಎಚ್ಚರವಾಗಿರ್ತೀವಿ. ನಗುನಗುತ್ತಾ ಬಂದಾಗಲೇ ಕೆಡೋದು. ನಮ್ಮಪ್ಪ ಬರೆದುಕೊಟ್ಟಿದ್ದ ಪ್ರೋನೋಟಿಗೆ ಮೂರು ವರ್ಷ ತುಂಬಲು ಹದಿನೈದು ದಿನ ಉಳಿದಿತ್ತು. ಸಾಹುಕಾರರು ಬಂದರು, ಕಾಫಿ ಕುಡಿದರು. "ದುಡ್ಡಿಗೇನು ಅವಸರ ಗೌಡ್ರೇ, ಐವತ್ತು ರೂಪಾಯಿ ಕೊಟ್ಟು ನೋಟಿನ ಹಿಂದೆ ಒಂದು ಸೈನು ಹಾಕಿ, ಸಾಕು" ಅಂದರು. ಅಪ್ಪ ಹಾಕಿದ. ಅವನು ತೀರಿಕೊಂಡ ಮೇಲೆ ಅದೇ ಸೈನು ಹಿಡಿದು ನನ್ನ ಮೇಲೆ ದಾವಾ ಹಾಕಿದರು.

1963ರ ಕಾಲಮಿತಿ ಕಾಯಿದೆ ಪ್ರಕಾರ, ಕೇಳಿದಾಗ ಕೊಡಬೇಕಾದ ಪ್ರೋನೋಟಿನ ಮೇಲೆ ದಾವಾ ಹೂಡಲು ನೋಟಿನ ತಾರೀಕಿನಿಂದ 3 ವರ್ಷ ಗಡುವು. ಗಡುವಿನೊಳಗೆ ಬಾಕಿ ಒಪ್ಪಿ ಸಹಿ ಹಾಕಿದರೆ, ಇಲ್ಲವೇ ಒಂದಿಷ್ಟು ಕಟ್ಟಿ ಷರಾ ಬರೆದುಕೊಟ್ಟರೆ, ಅವತ್ತಿನಿಂದ ಮತ್ತೆ 3 ವರ್ಷ. ಗಡುವು ದಾಟಿದ ಮೇಲೂ "ಕೊಡ್ತೀನಿ" ಅಂತ ಬರೆದು ಸಹಿ ಮಾಡಿದರೆ, 1872ರ ಕರಾರು ಕಾಯಿದೆಯಲ್ಲಿ ಅದು ಹೊಸ ಕರಾರೇ. (ಜಮೀನು ಅಡಮಾನವಿದ್ದರೆ ಗಡುವು 12 ವರ್ಷ, ಅದು ಬೇರೆ ಕತೆ.)

ಸಾಲ ನುಂಗಿ ಅಂತ ನಾನು ಹೇಳ್ತಿಲ್ಲ. ಗಡುವು ಮೀರಿದರೂ ಸಾಲ ಸಾಲವೇ. ದಾವಾ ಹೂಡೋ ಹಕ್ಕು ಮಾತ್ರ ಹೋಗುತ್ತೆ. ಅಂಥ ದಾವಾವನ್ನು ನೀವು ತಕರಾರು ಎತ್ತದಿದ್ದರೂ ನ್ಯಾಯಾಧೀಶರು ವಜಾ ಮಾಡಬೇಕು. ಆದರೂ ಸಮನ್ಸ್ ಬಂದರೆ ಮನೇಲಿ ಕೂರಬೇಡಿ. ನೋಟಿನ ಹಿಂದಿನ ತಾರೀಕು ಅವತ್ತಿನದೋ, ಆಮೇಲೆ ಗೀಚಿದ್ದೋ ಅಂತ ಹೇಳೋಕೆ ಅಲ್ಲಿ ನೀವೇ ನಿಂತಿರಬೇಕು.