ಅರಿವು ಕೇಂದ್ರದಲ್ಲಿ ನಮ್ಮ ಮನೆಯ ಕಾಗದಗಳು

(ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹೂವಿನ ಕೊಯ್ಲು, ಅರಿಸಿನದ ಕಳೆ ಬಿಟ್ಟು, ಒಂದು ದಿನದ ಕೂಲಿ ಕಳೆದುಕೊಂಡು ಬಂದಿದ್ದೀರಿ. ಆದ್ದರಿಂದ ವಂದನೆಗಳಲ್ಲೇ ಹೊತ್ತು ಕಳೆಯುವುದಿಲ್ಲ. ಪಂಚಾಯಿತಿಯ ಅರಿವು ಕೇಂದ್ರವನ್ನು ಇಡೀ ಕುಟುಂಬದ ಕಲಿಕೆಯ ಜಾಗವಾಗಿ ಮಾಡಿಕೊಳ್ಳುವುದು ಹೇಗೆ ಎಂದು ಮಾತಾಡಲು ನನ್ನನ್ನು ಕರೆದಿದ್ದಾರೆ. ವರದಕ್ಷಿಣೆಗೂ ಗ್ರಂಥಾಲಯಕ್ಕೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಅದಕ್ಕೇ ಆಷಾಢದ ಒಂದು ಸಂಗತಿಯಿಂದ ಶುರು ಮಾಡುತ್ತೇನೆ.

ಚಾಮರಾಜೇಶ್ವರನ ತೇರು ನಡೆಯುವುದು ಆಷಾಢದಲ್ಲಿ. ಬೇರೆ ಕಡೆ ಆ ತಿಂಗಳು ಹೊಸ ಜೋಡಿಯನ್ನು ದೂರ ಇಡುತ್ತಾರೆ, ನಮ್ಮಲ್ಲಿ ಮಾತ್ರ ಜೋಡಿಗಳು ಬಂದು ತೇರಿಗೆ ಹಣ್ಣು ಜವನ ಎಸೆಯುತ್ತವೆ. ನೋಡಲು ಚೆಂದ. ಆದರೆ ಆಷಾಢಕ್ಕೆ ತವರಿಗೆ ಬಂದ ಮಗಳನ್ನು ಮತ್ತೆ ಕರೆದುಕೊಂಡು ಹೋಗುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ 'ಬಾಕಿ' ಎಂಬ ಮಾತು ಹೊರಡುತ್ತದೆ. ಬೈಕು ಬಾಕಿ, ಉಂಗುರ ಬಾಕಿ. ಅದು ತೀರುವವರೆಗೆ ಹುಡುಗಿ ತವರಲ್ಲೇ ಇರಲಿ ಎನ್ನುತ್ತಾರೆ.

ಹಲವು ವರ್ಷಗಳ ಹಿಂದೆ ಅಂಥ ಒಂದು ಆಷಾಢ ಕಳೆದ ಮೇಲೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಹೆಸರು ಬೇಡ. ಬಿ.ಎ. ಎರಡನೇ ವರ್ಷದಲ್ಲಿ ಓದು ಬಿಡಿಸಿ ಮದುವೆ ಮಾಡಿದ್ದರು. ಕಾಲೇಜಿನಲ್ಲಿ ಬಾಯ್ತುಂಬ ಮಾತಾಡುತ್ತಿದ್ದ ಹುಡುಗಿ, ಆ ದಿನ ಸೆರಗಿನೊಳಗಿಂದ ಮಡಿಸಿದ ಛಾಪಾಕಾಗದ ತೆಗೆದು 'ಏನು ಬರ್ದವ್ರೆ ಒಸಿ ಓದಿ ಹೇಳಿ ಮೇಡಂ' ಎಂದಳು. ಹಿರಿಯರ ಎದುರು ರಾಜಿಯಾಗಿದೆ, ತನ್ನ ಒಡವೆ, ಪಾತ್ರೆ ಎಲ್ಲ ಮರಳಿ ಬಂದಿವೆ, ಮುಂದೆ ಗಂಡನ ಮನೆಯವರ ಮೇಲೆ ಯಾವ ದೂರೂ ಇಲ್ಲ ಎಂದು ಅದರಲ್ಲಿತ್ತು. ಕೆಳಗೆ ಅವಳದೇ ಸಹಿ, ದುಂಡಗೆ. ಒಂದು ಗುಂಜಿ ಚಿನ್ನವೂ ಅವಳಿಗೆ ವಾಪಸು ಬಂದಿರಲಿಲ್ಲ.

'ನಿನಗೆ ಓದಲು ಬರುತ್ತಲ್ಲ ತಾಯಿ, ಓದದೆ ಸಹಿ ಏಕೆ ಹಾಕಿದೆ?' ಎಂದೆ. 'ಓದಕ್ಕೆ ಬತ್ತದೆ ಮೇಡಂ. ಅಷ್ಟು ಜನ ಗಂಡಸ್ರು ಕೂತಿದ್ರಲ್ಲ, ಅವರ ಮುಂದೆ ಕಾಗ್ದ ಇಸ್ಕೊಂಡು ಓದದು ಹೆಂಗೆ?' ಎಂದಳು.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅವಳಿಗೆ ಹಳಗನ್ನಡ ಪದ್ಯದ ಅನ್ವಯ ಕಲಿಸಿದವಳು ನಾನು. ಅಂಕವೂ ಚೆನ್ನಾಗಿ ಬಂದಿತ್ತು. 'ತಡೀರಿ, ಓದಿ ಸಹಿ ಹಾಕ್ತೀನಿ' ಎಂಬ ನಾಲ್ಕು ಮಾತನ್ನು ಮಾತ್ರ ನಾನು ಕಲಿಸಿರಲಿಲ್ಲ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಹೆಂಗಸರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 55. ಉಳಿದ 45 ಜನರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಈ 55ರಲ್ಲಿ ಎಷ್ಟು ಜನ ತಮ್ಮ ಮನೆಯ ಕಾಗದವನ್ನು ಕೈಗೆ ತೆಗೆದುಕೊಂಡಿದ್ದಾರೆ ಎಂದು ಯಾರೂ ಎಣಿಸಿಲ್ಲ.

ಹೆಂಗಸರು ಕೂಡಿ ಕಲಿಯುವ ಜಾಗ ನಮ್ಮ ಸೀಮೆಗೆ ಹೊಸದಲ್ಲ. 1986ರ ಶಿಕ್ಷಣ ನೀತಿಯ ನಂತರ ಬಂದ ಮಹಿಳಾ ಸಮಖ್ಯ ನಮ್ಮ ರಾಜ್ಯದಲ್ಲಿ 1989ರಲ್ಲಿ ಮೈಸೂರು, ಬೀದರ್, ಬಿಜಾಪುರ ಜಿಲ್ಲೆಗಳಲ್ಲಿ ಆರಂಭವಾಯಿತು. ಚಾಮರಾಜನಗರ ಆಗ ಮೈಸೂರು ಜಿಲ್ಲೆಗೇ ಸೇರಿತ್ತು, ಬೇರೆಯಾದದ್ದು 1997ರಲ್ಲಿ. ಬಡ, ದಲಿತ ಹೆಂಗಸರೇ ಹೆಚ್ಚಾಗಿದ್ದ ಆ ಸಂಘಗಳಲ್ಲಿ ಮೊದಲ ದಿನವೇ ಸ್ಲೇಟು ಹಿಡಿಸುತ್ತಿರಲಿಲ್ಲ. ನೀರು, ಕೂಲಿ, ಕುಡಿತ, ಹೊಡೆತದ ಮಾತು ಮೊದಲು ಆಗುತ್ತಿತ್ತು. ಅಕ್ಷರ ಬೇಕೆಂದು ಹೆಂಗಸರೇ ಕೇಳಿದಾಗ ಅಕ್ಷರ. ಎಷ್ಟೋ ಊರುಗಳಲ್ಲಿ ಸಂಘಕ್ಕೆ ಸ್ವಂತ ಮನೆಯೂ ಎದ್ದಿತು. ಗಂಡನದೂ ಅಲ್ಲದ, ತವರಿನದೂ ಅಲ್ಲದ ಒಂದು ಸೂರು ಎಂದರೆ ಹೆಣ್ಣಿಗೆ ಏನೆಂದು ನಿಮಗೆ ವಿವರಿಸಬೇಕಾಗಿಲ್ಲ. ಕೇಂದ್ರದ ಯೋಜನೆಯಾಗಿ ಅದು 2016ರಲ್ಲಿ ನಿಂತುಹೋಯಿತು. ನನ್ನ ಪ್ರಕಾರ ಅದು ದೊಡ್ಡ ತಪ್ಪು.

ಈಗ ಆ ಸೂರು ನಮಗೆ ಪಂಚಾಯಿತಿಯಲ್ಲಿ ಸಿಗಬೇಕು. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಆಮೇಲೆ ಅರಿವು ಕೇಂದ್ರ ಎಂಬ ಹೆಸರಾಯಿತು. 2020ರಲ್ಲಿ 'ಓದುವ ಬೆಳಕು' ಎಂದು ಮಕ್ಕಳನ್ನು ಕರೆತಂದರು. 2023ರಲ್ಲಿ ನರೇಗಾ ಕೂಲಿಗೆ ಹೋಗುವ ತಾಯಂದಿರಿಗಾಗಿ 'ಕೂಸಿನ ಮನೆ' ಶುರುವಾಯಿತು. ಕೂಸು, ಶಾಲೆಯ ಮಗು, ಪರೀಕ್ಷೆಗೆ ಓದುವ ಹುಡುಗ, ಎಲ್ಲರಿಗೂ ಪಂಚಾಯಿತಿಯಲ್ಲಿ ಜಾಗವಾಯಿತು. ತಾಯಿ ಮಾತ್ರ ಮಗುವನ್ನು ಬಿಟ್ಟು ಬಾಗಿಲಿಂದಲೇ ಹಿಂತಿರುಗುತ್ತಾಳೆ. ಒಳಗೆ ಬನ್ನಿ ಎನ್ನುವುದಕ್ಕೇ ನಾನಿಲ್ಲಿ ನಿಂತಿರುವುದು.

ಒಳಗೆ ಬಂದು ಏನು ಮಾಡುವುದು? ವಾರಕ್ಕೆ ಒಂದು ಸಂಜೆ ಮನೆಯ ಕಾಗದ ತನ್ನಿ. ಪಹಣಿ, ರೇಷನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಸಾಲದ ಚೀಟಿ, ಲಗ್ನಪತ್ರಿಕೆ. ನಾಲ್ಕು ಜನ ಸುತ್ತ ಕೂತು ಗಟ್ಟಿಯಾಗಿ ಓದಿ. ಮಕ್ಕಳೇ ಓದಲಿ, ತಾಯಿ ಕೇಳಲಿ. ಅತ್ತೆಯನ್ನೂ ಕರೆತನ್ನಿ, ಅವಳ ಹೆಸರಿನ ಕಾಗದವನ್ನೂ ಯಾರೂ ಓದಿ ಹೇಳಿರುವುದಿಲ್ಲ.

ಮದುವೆ ಗೊತ್ತಾದ ಹುಡುಗಿಯರಿಗೆ ಒಂದು ಪಟ್ಟಿ ಬರೆಯುವುದನ್ನು ಕಲಿಸಿ. ವರದಕ್ಷಿಣೆ ಕೇಳುವುದು, ಕೊಡುವುದು, ತೆಗೆದುಕೊಳ್ಳುವುದು ಮೂರೂ 1961ರ ಕಾಯ್ದೆಯಂತೆ ಅಪರಾಧ. ಕೇಳದೆಯೇ ಪ್ರೀತಿಯಿಂದ ಕೊಟ್ಟ ಉಡುಗೊರೆಗಳಿಗೂ ಪಟ್ಟಿ ಇರಬೇಕೆಂದು 1985ರ ನಿಯಮ ಹೇಳುತ್ತದೆ. ವಸ್ತು ಯಾವುದು, ಬೆಲೆ ಸುಮಾರು ಎಷ್ಟು, ಕೊಟ್ಟವರು ಯಾರು, ಏನು ನೆಂಟಸ್ತನ ಎಂದು ಬರೆದು ಗಂಡು ಹೆಣ್ಣು ಇಬ್ಬರೂ ಸಹಿ ಹಾಕಬೇಕು. ಹೆಣ್ಣಿಗೆ ಕೊಟ್ಟದ್ದರ ಪಟ್ಟಿ ಹೆಣ್ಣಿನ ಬಳಿಯೇ ಇರಬೇಕು. ಸಹಿ ಬಾರದವಳು ಹೆಬ್ಬೆಟ್ಟು ಒತ್ತಬಹುದು, ಆದರೆ ಅದಕ್ಕೆ ಮೊದಲು ಪಟ್ಟಿಯನ್ನು ಅವಳಿಗೆ ಓದಿ ಹೇಳಬೇಕು, ಓದಿದವರೂ ಸಹಿ ಹಾಕಬೇಕು. ಕೇಳಿದಿರಾ? ಓದಿ ಹೇಳಬೇಕೆಂದು ಸರ್ಕಾರದ ನಿಯಮದಲ್ಲೇ ಇದೆ. ನಲವತ್ತು ವರ್ಷದಿಂದ ಇದೆ. ಎಷ್ಟು ಮದುವೆಗಳಲ್ಲಿ ಆ ಪಟ್ಟಿ ನೋಡಿದ್ದೀರಿ? ನಾನಂತೂ ಮುಯ್ಯಿ ಬರೆಯುವ ಪುಸ್ತಕವನ್ನಷ್ಟೇ ನೋಡಿದ್ದೇನೆ.

ಇನ್ನೊಂದು ಮಾತು ನಿಮಗೆ ಬೇಸರ ತರಬಹುದು. ನಮ್ಮ ಸಂಘಗಳ ಸಾಲದ ಪುಸ್ತಕದಲ್ಲಿ 'ಹಸು', 'ಮನೆ ರಿಪೇರಿ' ಎಂದು ಬರೆದು ಮಗಳ ಮದುವೆಗೆ, ನೇರವಾಗಿ ಹೇಳುವುದಾದರೆ ವರದಕ್ಷಿಣೆಗೆ, ಕೊಟ್ಟ ಹಣ ಇಲ್ಲವೇ? ತಾಯಿ ವಾರವಾರ ಕಂತು ಕಟ್ಟುತ್ತಾಳೆ, ಅಳಿಯ ಬೈಕು ಓಡಿಸುತ್ತಾನೆ. 2025ರ ಆರಂಭದಲ್ಲಿ ಮೈಕ್ರೋ ಫೈನಾನ್ಸಿನವರ ಕಾಟ ತಾಳದೆ ನಮ್ಮ ಜಿಲ್ಲೆಯಲ್ಲೇ ಮನೆಗೆ ಬೀಗ ಹಾಕಿ ಊರು ಬಿಟ್ಟವರನ್ನು ಕಂಡಿದ್ದೇವೆ. ಸಾಲದ ಅರ್ಜಿಯನ್ನೂ ಅರಿವು ಕೇಂದ್ರದಲ್ಲೇ ಓದಿ. ವರದಕ್ಷಿಣೆಗೆ ಎಂದು ಗೊತ್ತಾದರೆ ಸಂಘ ಸಾಲ ಕೊಡಬಾರದು. ಕಷ್ಟದ ಮಾತೇ. ಹುಡುಗಿಯ ಮದುವೆ ಮುರಿದರೆ ನೀವು ಹೊಣೆಯಾ ಎಂದು ನನ್ನನ್ನು ಕೇಳಿದವರಿದ್ದಾರೆ. ಸಾಲ ಕೊಟ್ಟು ಕಳಿಸಿದ ಮೇಲೆ ಅವಳು ಏಟು ತಿಂದರೆ ಅದಕ್ಕೆ ಹೊಣೆ ಯಾರು ಎಂದು ನಾನು ತಿರುಗಿ ಕೇಳಿದ್ದೇನೆ.

ಮಕ್ಕಳ ವಿಷಯಕ್ಕೆ ಬರುತ್ತೇನೆ. ಅಮ್ಮನಿಗೆ ಅಪ್ಪ ಹೊಡೆಯುವುದನ್ನು ನೋಡುತ್ತಾ ಬೆಳೆದ ಹುಡುಗ ಪಾಠವೊಂದನ್ನು ಕಲಿತಾಗಿರುತ್ತದೆ. ಅದನ್ನು ಮರೆಸುವ ಪಾಠ ನಮ್ಮ ಕಡೆಯೇ ಇದೆ. ದೇವರ ಗುಡ್ಡರು ಹಾಡುವ ಮಾದಪ್ಪನ ಕಥೆಯಲ್ಲಿ ಸಂಕಮ್ಮನ ಸಾಲು ಕೇಳದವರು ಇಲ್ಲಿ ಯಾರಿದ್ದೀರಿ? ಜೇನಿಗೆ ಹೊರಟ ಗಂಡ ಬಲಗೈ ಭಾಷೆ ಕೊಡು ಎನ್ನುತ್ತಾನೆ, ಕೊಡಲೊಲ್ಲೆ ಎಂದದ್ದಕ್ಕೆ ಹಿಂಸಿಸುತ್ತಾನೆ. ಮಾದಪ್ಪ ನಿಂತದ್ದು ಸಂಕಮ್ಮನ ಕಡೆ. ಮಕ್ಕಳಿಗೆ ಅದನ್ನು ಹಾಡಿಸಿ, ಅವಳು ಏಕೆ ಭಾಷೆ ಕೊಡಲಿಲ್ಲ ಎಂದು ಗಂಡು ಹುಡುಗರನ್ನು ಕೇಳಿ. ಉತ್ತರ ನೀವು ಹೇಳಬೇಡಿ.

ಹಾಜರಿ ಪುಸ್ತಕ ಇಡಿ ಎಂದರೆ ಮೇಷ್ಟ್ರ ಬುದ್ಧಿ ಎಂದು ನಗುತ್ತೀರಿ. ನನಗೆ ಗೊತ್ತಿರುವ ಒಂದು ಊರಿನ ಗುಂಪಿನಲ್ಲಿ ದಿನಾ ಬರುತ್ತಿದ್ದ ಸೊಸೆಯೊಬ್ಬಳು ನಾಲ್ಕು ದಿನ ಬರಲಿಲ್ಲ. ಐದನೇ ದಿನ ಆರು ಜನ ಹೆಂಗಸರು 'ಪುಸ್ತಕ ವಾಪಸು ಕೊಡಬೇಕಂತೆ' ಎಂದು ಅವಳ ಮನೆಗೆ ಹೋದರು. ಒಳಕೋಣೆಯಲ್ಲಿ ಮುಖ ಊದಿಸಿಕೊಂಡು ಮಲಗಿದ್ದಳು. ಜಗಳಕ್ಕೆ ಬಂದಿದ್ದರೆ ಬಾಗಿಲು ತೆರೆಯುತ್ತಿರಲಿಲ್ಲ, ಪುಸ್ತಕಕ್ಕೆ ಬಂದವರಿಗೆ ತೆರೆಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಜನ ಗಂಡನ ಹಿಂಸೆ ಕಂಡವರು. ಅವರಲ್ಲಿ ಠಾಣೆಯ ಮೆಟ್ಟಿಲು ಹತ್ತುವವರು ಕಡಿಮೆ. ಆದರೆ ಯಾರೋ ಒಬ್ಬರು ಹುಡುಕಿಕೊಂಡು ಬಂದರೆ ಬಾಯಿ ಬಿಡುವವರು ಬಹಳ.

ಅಂಥವಳು ಸಿಕ್ಕಾಗ ಊರಿನ ನ್ಯಾಯಕ್ಕೆ ಮೊದಲು ಒಪ್ಪಿಸಬೇಡಿ. ಜೀವಕ್ಕೆ ಅಪಾಯವಿದ್ದರೆ 112, ಸಲಹೆ ಸಹಾಯಕ್ಕೆ 181. ಗಾಯವಾಗಿದ್ದರೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಹೇಗಾಯಿತೆಂದು ನಿಜವನ್ನೇ ಬರೆಸಿ. ಜಾರಿ ಬಿದ್ದೆ ಎಂದು ಬರೆಸಬೇಡಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ನಮ್ಮ ತಾಲ್ಲೂಕಿನ ಸಿ.ಡಿ.ಪಿ.ಓ. ಅವರೇ ಸಂರಕ್ಷಣಾಧಿಕಾರಿ. ದೂರನ್ನು ಬರೆದುಕೊಂಡು ನ್ಯಾಯಾಲಯಕ್ಕೆ ಮುಟ್ಟಿಸುವುದು ಅವರ ಕೆಲಸ. ಮನೆ ಗಂಡನ ಹೆಸರಿನಲ್ಲಿದ್ದರೂ, ಅತ್ತೆಯ ಹೆಸರಿನಲ್ಲಿದ್ದರೂ ಕೂಡಿ ಬಾಳಿದ ಮನೆಯಲ್ಲಿ ಇರುವ ಹಕ್ಕು ಅವಳಿಗಿದೆ. ನೀವು ಕೇಳಿ ಬಲ್ಲ 498-ಎ ಕಲಂ 2024ರ ಜುಲೈಯಿಂದ ಹೊಸ ಸಂಹಿತೆಯಲ್ಲಿ 85 ಆಗಿದೆ. ಸಂಖ್ಯೆ ಬದಲಾದರೂ ಅಪರಾಧ ಅದೇ.

ನನ್ನ ವಿದ್ಯಾರ್ಥಿನಿಯ ಒಡವೆ ಕೊನೆಗೂ ಬರಲಿಲ್ಲ. ಸಹಿ ಹಾಕಿದ್ದಾಳಲ್ಲ ಎಂಬ ಮಾತೇ ಎಲ್ಲ ಕಡೆ ಅಡ್ಡ ಬಂತು. ಈಗ ಅವಳು ಹೊಲಿಗೆ ಮಾಡಿ ಮಗಳನ್ನು ಓದಿಸುತ್ತಿದ್ದಾಳೆ.

ಮುಂದಿನ ಸಾಲಿನಲ್ಲಿ ಕೂತಿರುವ ತಾಯಿಯೊಬ್ಬರು ಬೆಳಿಗ್ಗೆಯೇ ನನ್ನ ಕೈಗೆ ಒಂದು ಪ್ಲಾಸ್ಟಿಕ್ ಕವರು ಕೊಟ್ಟಿದ್ದಾರೆ, ಒಳಗೆ ಕಾಗದಗಳಿವೆ. ನಾನು ಬಿಚ್ಚಿಲ್ಲ. ಊಟವಾದ ಮೇಲೆ ಅವರೇ ಬಿಚ್ಚಲಿ, ಅವರು ಒಪ್ಪಿದರೆ ನಾಲ್ಕು ಜನ ಜೊತೆಗೆ ಕೂರೋಣ. ನಾನು ಕನ್ನಡಕ ತಂದಿದ್ದೇನೆ.