ಮನೆಯ ಕಂಪ್ಯೂಟರಿನ ಬೀಗದ ಕೈ ಯಾರಲ್ಲಿರಬೇಕು?

(ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ. ಬರಲಾಗದವರ ಅಪೇಕ್ಷೆಯಂತೆ ಇಲ್ಲಿ ಕೊಟ್ಟಿದೆ.)

ಕೂಲಿ, ಬೋನಸ್, ತೆರಿಗೆ ಇವುಗಳನ್ನು ಕುರಿತು ಮಾತನಾಡುವ ಈ ಜಾಗದಲ್ಲಿ ಇಂದು ನಾವು ಕಂಪ್ಯೂಟರಿನ ಖಾತೆಗಳ ವಿಷಯವನ್ನು ಎತ್ತಿಕೊಂಡಿದ್ದೇವೆ. ಇದು ಕಾಲೇಜು ಹುಡುಗರ ವಿಷಯವಲ್ಲವೆ ಎಂದು ಕೆಲವರಿಗೆ ತೋರಬಹುದು. ಹಾಗಲ್ಲ. ಇಲ್ಲಿ ಕೂತಿರುವವರ ಪೈಕಿ ಅನೇಕರ ಮನೆಗೆ ಈ ಯಂತ್ರ ಬಂದಿದೆ. ಕೆಲವರು ಕಂತಿನಲ್ಲಿ ತಂದಿದ್ದಾರೆ, ಕೆಲವರು ಇನ್ನೊಬ್ಬರು ಬಳಸಿದ್ದನ್ನು ಕೊಂಡಿದ್ದಾರೆ. ಅಂಗಡಿಯ ಲೆಕ್ಕ, ಜಿಎಸ್‌ಟಿ ಕಾಗದ, ಪ್ರಾವಿಡೆಂಟ್ ಫಂಡಿನ ಅರ್ಜಿ, ಮಗಳ ಪಾಠ, ಮಗನ ಆಟ, ಮದುವೆಯ ಫೋಟೋ, ಎಲ್ಲವೂ ಆ ಒಂದೇ ಪೆಟ್ಟಿಗೆಯೊಳಗೆ. ಪೆಟ್ಟಿಗೆ ಕೆಟ್ಟರೆ ಸಾಲ ಮಾಡಿಯಾದರೂ ಹೊಸದನ್ನು ತರಬಹುದು. ಒಳಗಿದ್ದ ಮೂರು ವರ್ಷದ ಉದ್ರಿ ಲೆಕ್ಕವನ್ನು ಯಾವ ಅಂಗಡಿಯಲ್ಲಿ ಕೊಳ್ಳುವುದು?

ಆದಕಾರಣ ಒಂದು ಪ್ರಶ್ನೆ ಕೇಳುತ್ತೇವೆ. ಕಂಪ್ಯೂಟರನ್ನು ಹಚ್ಚಿದಾಗ ಪರದೆಯ ಮೇಲೆ ಯಾರ ಹೆಸರು ಬರುತ್ತದೆ? ಬಹುಮಂದಿಯ ಮನೆಯಲ್ಲಿ ಒಂದೇ ಹೆಸರು. ಅದೂ ಮಾರಿದ ಅಂಗಡಿಯವನು ಇಟ್ಟ ಹೆಸರು. ಪಾಸ್‌ವರ್ಡ್ ಇಲ್ಲ, ಅಥವಾ ಒಂದರಿಂದ ನಾಲ್ಕರವರೆಗಿನ ಅಂಕಿ. ಅಪ್ಪ, ಅಮ್ಮ, ಮಕ್ಕಳು, ಬಂದ ನೆಂಟರು ಎಲ್ಲರೂ ಅದರಿಂದಲೇ ಒಳಕ್ಕೆ ಹೋಗುತ್ತಾರೆ. ಆ ಹೆಸರು ಸಾಮಾನ್ಯ ಹೆಸರಲ್ಲ. ಇಡೀ ಯಂತ್ರದ ಯಜಮಾನಿಕೆ ಅದಕ್ಕೆ ಸೇರಿದೆ. ತಿಜೋರಿಯ ಬೀಗದ ಕೈಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಜಾತ್ರೆಯಲ್ಲಿ ತಿರುಗುವ ವ್ಯಾಪಾರಿಯನ್ನು ನೀವು ಏನೆನ್ನುತ್ತೀರಿ? ನಮ್ಮಲ್ಲಿ ಅನೇಕರು ದಿನವೂ ಮಾಡುತ್ತಿರುವುದು ಅದನ್ನೇ.

ಎರಡು ಬಗೆಯ ಖಾತೆ

ಖಾತೆ ಎಂದೊಡನೆ ನಿಮಗೆ ಕಿರ್ದಿ-ಖಾತೆ ನೆನಪಾಗುತ್ತದೆ. ಇದು ಹಣದ ಖಾತೆಯಲ್ಲ. ಈ ಯಂತ್ರವನ್ನು ಯಾರು ಬಳಸುತ್ತಿದ್ದಾರೆ, ಅವರಿಗೆ ಏನೇನು ಮಾಡುವ ಅಧಿಕಾರ ಉಂಟು ಎಂಬುದರ ದಾಖಲೆ. ವಿಂಡೋಸ್ ಇರುವ ಕಂಪ್ಯೂಟರುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದನ್ನು ಅಡ್ಮಿನಿಸ್ಟ್ರೇಟರ್ ಎನ್ನುತ್ತಾರೆ. ನಾವು ಆಡಳಿತ ಖಾತೆ ಎನ್ನೋಣ. ಇನ್ನೊಂದನ್ನು ಸ್ಟ್ಯಾಂಡರ್ಡ್ ಯೂಸರ್ ಎನ್ನುತ್ತಾರೆ. ಅದು ಸಾಮಾನ್ಯ ಖಾತೆ.

ಸಾಮಾನ್ಯ ಖಾತೆಯವನು ಯಂತ್ರದಲ್ಲಿರುವ ಪ್ರೋಗ್ರಾಂಗಳನ್ನೆಲ್ಲ ನಡೆಸಬಹುದು, ಲೆಕ್ಕ ಬರೆಯಬಹುದು, ಕಾಗದ ಅಚ್ಚು ಹಾಕಬಹುದು, ಇಂಟರ್‌ನೆಟ್ ನೋಡಬಹುದು, ತನ್ನ ಪಾಸ್‌ವರ್ಡನ್ನು ತಾನೇ ಬದಲಾಯಿಸಿಕೊಳ್ಳಬಹುದು. ಅವನ ಕಡತಗಳಿಗೆ ಪ್ರತ್ಯೇಕ ಕೋಣೆ ಇರುತ್ತದೆ. ಆದರೆ ಎಲ್ಲರಿಗೂ ತಟ್ಟುವಂಥ ಪ್ರೋಗ್ರಾಂ ಹಾಕುವುದು, ವಿಂಡೋಸಿನ ಸ್ವಂತ ಕಡತಗಳನ್ನು ಮುಟ್ಟುವುದು, ಗಡಿಯಾರದ ವೇಳೆ ತಿದ್ದುವುದು, ಇನ್ನೊಬ್ಬರ ಕೋಣೆ ತೆರೆಯುವುದು, ಇವು ಅವನಿಗೆ ಕೂಡದು. ಆಡಳಿತ ಖಾತೆಗೆ ಇವೆಲ್ಲವೂ ಉಂಟು. ಬೇರೆಯವರ ಪಾಸ್‌ವರ್ಡ್ ಕಿತ್ತುಹಾಕುವ ಅಧಿಕಾರವೂ ಉಂಟು.

ಹೊಸ ಯಂತ್ರದಲ್ಲಿ ಮೊಟ್ಟಮೊದಲು ಹುಟ್ಟುವ ಖಾತೆ ಆಡಳಿತ ಖಾತೆಯೇ. ಯಂತ್ರವನ್ನು ಸಿದ್ಧಪಡಿಸಲು ಯಾರಿಗಾದರೂ ಪೂರ್ಣ ಅಧಿಕಾರ ಬೇಕಲ್ಲವೆ? ಇದರಲ್ಲಿ ತಪ್ಪಿಲ್ಲ. ಸಿದ್ಧತೆ ಮುಗಿದ ಮೇಲೂ ಅದರಲ್ಲೇ ವರ್ಷಗಟ್ಟಲೆ ಕುಳಿತುಬಿಡುವುದು ತಪ್ಪು.

ಈ ಪದ್ಧತಿ ಬಂದ ಬಗೆ

ಈ ಭೇದ ಹೊಸದೇನೂ ಅಲ್ಲ. ಒಂದು ದೊಡ್ಡ ಯಂತ್ರವನ್ನು ಹತ್ತಾರು ಜನ ಹಂಚಿಕೊಂಡು ಬಳಸುತ್ತಿದ್ದ ಕಾಲದಲ್ಲೇ ಇದರ ಅಗತ್ಯ ಕಂಡಿತು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮುಂತಾದವರು 1969ರಲ್ಲಿ ಆರಂಭಿಸಿದ ಯುನಿಕ್ಸ್ ವ್ಯವಸ್ಥೆಯಲ್ಲಿ ಸಕಲ ಅಧಿಕಾರದ ಖಾತೆಗೆ ರೂಟ್ ಎಂಬ ಹೆಸರು ಬಂತು. ಉಳಿದವರದು ಸಾಮಾನ್ಯ ಖಾತೆ. 1975ರಲ್ಲಿ ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬ ಇಬ್ಬರು ವಿದ್ವಾಂಸರು ಇದನ್ನು ಒಂದು ತತ್ತ್ವವಾಗಿ ಬರೆದಿಟ್ಟರು: ಯಾವ ಮನುಷ್ಯನಿಗಾಗಲಿ, ಯಾವ ಪ್ರೋಗ್ರಾಮಿಗಾಗಲಿ ಕೈಯಲ್ಲಿರುವ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಬೇಕು.

ಆದರೆ 1981ರಲ್ಲಿ ಐಬಿಎಂ ಕಂಪನಿಯ ಪುಟ್ಟ ಯಂತ್ರ ಬಂದಾಗ ಒಬ್ಬನಿಗೆ ಒಂದು ಯಂತ್ರ, ಇನ್ನು ಖಾತೆ ಏಕೆ ಎಂದುಕೊಂಡರು. ಅದರ ಡಾಸ್ ವ್ಯವಸ್ಥೆಯಲ್ಲಿ ಖಾತೆಯೇ ಇರಲಿಲ್ಲ. ವಿಂಡೋಸ್ 95 ಮತ್ತು 98ರಲ್ಲಿ ಪಾಸ್‌ವರ್ಡ್ ಕೇಳುವ ಕಿಟಕಿ ಬರುತ್ತಿತ್ತು. ಕ್ಯಾನ್ಸಲ್ ಒತ್ತಿದರೆ ಸಾಕು, ಒಳಗೆ ಹೋಗಬಹುದಿತ್ತು. ಬಾಗಿಲು ಇತ್ತು, ಅಗುಳಿ ಇರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ನಿಜವಾದ ಖಾತೆಗಳು ಮನೆಗೆ ಬಂದವು. ಆದರೆ ಸಿದ್ಧತೆಯ ಹೊತ್ತಿನಲ್ಲಿ ಮಾಡಿದ ಖಾತೆಗಳೆಲ್ಲ ಆಡಳಿತ ಖಾತೆಗಳೇ ಆಗುತ್ತಿದ್ದವು. ಎಲ್ಲರಿಗೂ ಒಂದೊಂದು ಬೀಗದ ಕೈ ಕೊಟ್ಟ ಮೇಲೆ ಬೀಗವಿದ್ದೇನು, ಬಿಟ್ಟೇನು? 2007ರ ವಿಸ್ತಾದಿಂದ ಈಚೆಗೆ, ದೊಡ್ಡ ಬದಲಾವಣೆ ಮಾಡುವ ಮುಂಚೆ ಪರದೆ ಮಂಕಾಗಿ "ಇದಕ್ಕೆ ಒಪ್ಪಿಗೆಯೆ?" ಎಂಬ ಪ್ರಶ್ನೆ ಬರುತ್ತದೆ. ಅದನ್ನು ನೀವೆಲ್ಲ ಕಂಡಿದ್ದೀರಿ. ಓದದೆಯೇ ಯೆಸ್ ಒತ್ತಿಯೂ ಇದ್ದೀರಿ.

ಅಪಾಯ ಎಲ್ಲಿದೆ?

ಇಲ್ಲಿಯೇ ವಿಷಯದ ತಿರುಳು. ನೀವು ಒಂದು ಪ್ರೋಗ್ರಾಂ ತೆರೆದರೆ ಅದು ನಿಮ್ಮ ಅಧಿಕಾರದ ಬಲದಿಂದಲೇ ನಡೆಯುತ್ತದೆ. ಒಳ್ಳೆಯದಕ್ಕೂ ಅದೇ ಬಲ, ಕೆಟ್ಟದ್ದಕ್ಕೂ ಅದೇ ಬಲ. ನಿಮ್ಮ ಹುಡುಗ ಪುಕ್ಕಟೆ ಆಟವೆಂದು ಯಾವುದನ್ನೋ ಇಳಿಸಿಕೊಂಡ. ಅಥವಾ ಗಿರಾಕಿಯ ಬಿಲ್ ಇರಬೇಕೆಂದು ನೀವೇ ಈಮೇಲಿನ ಕಡತವೊಂದನ್ನು ತೆರೆದಿರಿ. ಒಳಗೆ ಕಳ್ಳ ಕೂತಿದ್ದಾನೆ ಎಂದಿಟ್ಟುಕೊಳ್ಳಿ.

ಆಡಳಿತ ಖಾತೆಯಲ್ಲಿದ್ದರೆ ನಿಮ್ಮ ಮುಂದೆ ಬರುವುದು ಯೆಸ್ ಮತ್ತು ನೋ, ಅಷ್ಟೇ. ಒಂದು ಬೆರಳು ಒತ್ತಿದರೆ ಕಳ್ಳನಿಗೆ ಇಡೀ ಮನೆ. ಆ ಪ್ರಶ್ನೆಯೂ ಬಾರದಂತೆ ನುಸುಳುವ ಉಪಾಯಗಳನ್ನು ಕೆಲವು ಪ್ರೋಗ್ರಾಂಗಳು ಕಲಿತಿವೆ. ಆಮೇಲೆ ಅವನು ವೈರಸ್ ಕಾವಲನ್ನು ಮಲಗಿಸಬಹುದು, ಕೀಲಿಮಣೆಯಲ್ಲಿ ನೀವು ಒತ್ತುವ ಅಕ್ಷರಗಳನ್ನು ಬರೆದುಕೊಳ್ಳಬಹುದು, ಎಲ್ಲರ ಕೋಣೆಗಳಿಗೂ ಕೈ ಹಾಕಬಹುದು.

ಸಾಮಾನ್ಯ ಖಾತೆಯಲ್ಲಿದ್ದರೆ ಯೆಸ್ ಒಂದೇ ಸಾಲದು. ಆಡಳಿತ ಖಾತೆಯ ಪಾಸ್‌ವರ್ಡ್ ಬೇಕು. ಹುಡುಗನಿಗೆ ಅದು ಗೊತ್ತಿಲ್ಲ. ಅವನು ನಿಮ್ಮನ್ನು ಕರೆಯುತ್ತಾನೆ. ನಿಮಗೆ ಗೊತ್ತಿದೆ; ಆದರೆ ಟೈಪ್ ಮಾಡುವಷ್ಟು ಹೊತ್ತಿನಲ್ಲಿ, ಒಂದು ಬಿಲ್ ನೋಡುವುದಕ್ಕೆ ಯಂತ್ರದ ಬೀಗದ ಕೈ ಏತಕ್ಕೆ ಕೇಳುತ್ತಿದೆ ಎಂಬ ಸಂಶಯ ಹುಟ್ಟುತ್ತದೆ. ಆ ಒಂದು ನಿಮಿಷದ ಸಂಶಯ ಎಷ್ಟೋ ಮನೆಗಳನ್ನು ಉಳಿಸೀತು.

ಯಜಮಾನನೇ ಮೊದಲು ಇಳಿಯಬೇಕು

"ದುಡ್ಡು ಕೊಟ್ಟು ತಂದವನು ನಾನು, ನಾನೇಕೆ ಸಾಮಾನ್ಯನಾಗಬೇಕು? ಬೇಕಾದರೆ ಮಕ್ಕಳನ್ನು ಸಾಮಾನ್ಯ ಖಾತೆಗೆ ಹಾಕುತ್ತೇನೆ" ಎನ್ನುವವರುಂಟು. ಇದು ಪ್ರತಿಷ್ಠೆಯ ಪ್ರಶ್ನೆಯಲ್ಲ. ಕಳ್ಳ ಪ್ರೋಗ್ರಾಂ ನಿಮ್ಮ ವಯಸ್ಸನ್ನಾಗಲಿ, ಮರ್ಯಾದೆಯನ್ನಾಗಲಿ ನೋಡುವುದಿಲ್ಲ. ನೀವು ಕೂತಿರುವ ಖಾತೆಯ ಬಲವೆಷ್ಟು ಎಂಬುದನ್ನಷ್ಟೇ ನೋಡುತ್ತದೆ. ಬ್ಯಾಂಕಿನ ಕೆಲಸ, ತೆರಿಗೆಯ ಕೆಲಸ, ಅಪರಿಚಿತರ ಈಮೇಲು ತೆರೆಯುವ ಕೆಲಸ, ಇವನ್ನೆಲ್ಲ ಮಾಡುವವರು ಮನೆಯ ಹಿರಿಯರೇ. ಆದಕಾರಣ ಮೊದಲು ಸಾಮಾನ್ಯ ಖಾತೆಗೆ ಇಳಿಯಬೇಕಾದವರು ಅವರೇ. ಗಿರಣಿಯ ಇಂಜಿನಿಯರನೂ ಬಾಯ್ಲರ್ ಮನೆಯ ಬೀಗದ ಕೈಯನ್ನು ಊಟಕ್ಕೆ ಹೋಗುವಾಗ ಕುತ್ತಿಗೆಗೆ ಕಟ್ಟಿಕೊಂಡು ಹೋಗುವುದಿಲ್ಲ. ಅಧಿಕಾರವಿರುವುದು ಕೆಲಸಕ್ಕಾಗಿ, ಕೆಲಸ ಮುಗಿದೊಡನೆ ಅದನ್ನು ಮೊಳೆಗೆ ತೂಗುಹಾಕಬೇಕು.

ಪದೇ ಪದೇ ಪಾಸ್‌ವರ್ಡ್ ಹೊಡೆಯುವ ತೊಂದರೆ ಎಂಬುದು ಇನ್ನೊಂದು ಆಕ್ಷೇಪ. ಲೆಕ್ಕ ಹಾಕಿ ನೋಡಿ: ಹೊಸ ಪ್ರೋಗ್ರಾಂ ಹಾಕುವುದು ತಿಂಗಳಿಗೆ ಎಷ್ಟು ಸಲ? ಹಳೆಯ ಕೆಲವು ಲೆಕ್ಕದ ಪ್ರೋಗ್ರಾಂಗಳು ಸಾಮಾನ್ಯ ಖಾತೆಯಲ್ಲಿ ತಕರಾರು ಮಾಡುವುದು ನಿಜ; ಬರೆಯಬಾರದ ಜಾಗದಲ್ಲಿ ಲೆಕ್ಕ ಬರೆಯಹೋಗುವುದೇ ಅದಕ್ಕೆ ಕಾರಣ. ಲೆಕ್ಕದ ಕಡತಗಳನ್ನು ಬೇರೆ ಜಾಗಕ್ಕೆ ಹಾಕಿಸಿಕೊಳ್ಳಿ, ಇಲ್ಲವೆ ಹೊಸ ಆವೃತ್ತಿ ತನ್ನಿ. ಒಂದು ಪ್ರೋಗ್ರಾಮಿನ ಸೋಮಾರಿತನಕ್ಕಾಗಿ ಮನೆಯ ಬಾಗಿಲನ್ನೇ ತೆಗೆದಿಡುವುದು ಜಾಣತನವಲ್ಲ.

ಮಾಡುವುದು ಹೇಗೆ?

ಅರ್ಧ ಗಂಟೆಯ ಕೆಲಸ. ಕ್ರಮವನ್ನು ಮಾತ್ರ ತಪ್ಪಬೇಡಿ.

ಮೊದಲನೆಯದು: ಸೆಟ್ಟಿಂಗ್ಸ್ ತೆರೆದು ಅಕೌಂಟ್ಸ್‌ಗೆ ಹೋಗಿ. ಯುವರ್ ಇನ್ಫೋ ಎಂಬಲ್ಲಿ ನಿಮ್ಮ ಹೆಸರಿನ ಕೆಳಗೆ ಅಡ್ಮಿನಿಸ್ಟ್ರೇಟರ್ ಎಂದಿದ್ದರೆ ನೀವು ಬೀಗದ ಕೈ ಹಿಡಿದೇ ತಿರುಗುತ್ತಿದ್ದೀರಿ ಎಂದು ತಿಳಿಯಿರಿ.

ಎರಡನೆಯದು: ಅದೇ ಅಕೌಂಟ್ಸ್‌ನಲ್ಲಿ ಅದರ್ ಯೂಸರ್ಸ್ ಎಂಬಲ್ಲಿ ಹೊಸ ಖಾತೆ ಸೇರಿಸಿ. ಈಮೇಲು ಕೇಳಿದರೆ, ಈ ವ್ಯಕ್ತಿಯ ವಿವರ ನನ್ನಲ್ಲಿಲ್ಲ ಎಂಬುದನ್ನೂ, ಆಮೇಲೆ ಮೈಕ್ರೋಸಾಫ್ಟ್ ಖಾತೆಯಿಲ್ಲದೆ ಸೇರಿಸು ಎಂಬುದನ್ನೂ ಆರಿಸಿದರೆ ಈ ಯಂತ್ರಕ್ಕಷ್ಟೇ ಸೇರಿದ ಖಾತೆ ಆಗುತ್ತದೆ. ಉದ್ದನೆಯ ಪಾಸ್‌ವರ್ಡ್ ಕೊಡಿ. ಮರೆತಾಗ ಕೇಳುವುದಕ್ಕೆಂದು ಮೂರು ಪ್ರಶ್ನೆಗಳು ಬರುತ್ತವೆ. ಬೀದಿಗೆಲ್ಲ ಗೊತ್ತಿರುವ ಉತ್ತರ ಬರೆಯಬೇಡಿ.

ಮೂರನೆಯದು: ಹೊಸ ಖಾತೆ ಸಾಮಾನ್ಯ ಖಾತೆಯಾಗಿ ಹುಟ್ಟುತ್ತದೆ. ಚೇಂಜ್ ಅಕೌಂಟ್ ಟೈಪ್ ಒತ್ತಿ ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಿ.

ನಾಲ್ಕನೆಯದು: ಹೊರಕ್ಕೆ ಬಂದು ಹೊಸ ಖಾತೆಯಿಂದಲೇ ಒಳಗೆ ಹೋಗಿ ನೋಡಿ. ಪಾಸ್‌ವರ್ಡ್ ಸರಿಯಾಗಿ ನಡೆಯುತ್ತದೆಂದು ಖಾತ್ರಿಯಾದ ಮೇಲೆ, ಅಲ್ಲಿಂದ ನಿಮ್ಮ ಹಳೆಯ ಖಾತೆಯನ್ನು ಸ್ಟ್ಯಾಂಡರ್ಡ್ ಯೂಸರ್ ಮಾಡಿ. ಹಳೆಯ ಕಡತ, ಫೋಟೋ, ಲೆಕ್ಕ ಒಂದೂ ಅಲುಗುವುದಿಲ್ಲ. ಅಧಿಕಾರ ಮಾತ್ರ ಇಳಿಯುತ್ತದೆ. ಯಂತ್ರದಲ್ಲಿ ಒಂದಾದರೂ ಆಡಳಿತ ಖಾತೆ ಇರಲೇಬೇಕು ಎಂಬುದನ್ನು ಮರೆಯಕೂಡದು.

ಐದನೆಯದು: ಮನೆಯಲ್ಲಿ ಕಂಪ್ಯೂಟರ್ ಮುಟ್ಟುವ ಪ್ರತಿಯೊಬ್ಬರಿಗೂ ಒಂದೊಂದು ಸಾಮಾನ್ಯ ಖಾತೆ ಮಾಡಿಕೊಡಿ.

ಯಂತ್ರದಲ್ಲಿ ವಿಂಡೋಸ್ ಬದಲು ಲಿನಕ್ಸ್ ಇದ್ದರೂ ತತ್ತ್ವ ಇದೇ. ಉಬುಂಟುವಿನಲ್ಲಂತೂ ರೂಟ್ ಖಾತೆಗೆ ಮೊದಲೇ ಬೀಗ ಬಿದ್ದಿರುತ್ತದೆ.

ಬೀಗದ ಕೈ ಹಿಡಿದವನ ಧರ್ಮ

ಬೀಗದ ಕೈಯನ್ನು ಬೇರೆ ಮಾಡಿದ ಮೇಲೆ ಅದು ಯಾರಲ್ಲಿರಬೇಕು? ರಿಪೇರಿ ಅಂಗಡಿಯವನೊಬ್ಬನಿಗೇ ಗೊತ್ತಿರುವ ಪಾಸ್‌ವರ್ಡಿನ ಯಂತ್ರವು ನಿಮ್ಮ ಮನೆಯಲ್ಲಿದ್ದರೂ ನಿಮ್ಮದಲ್ಲ. ರಿಪೇರಿಯಿಂದ ಬಂದೊಡನೆ ಖಾತೆಗಳ ಪಟ್ಟಿ ನೋಡಿ. ನಿಮಗೆ ತಿಳಿಯದ ಹೆಸರಿದ್ದರೆ ವಿಚಾರಿಸಿ ತೆಗೆಯಿಸಿ, ಪಾಸ್‌ವರ್ಡ್ ಬದಲಾಯಿಸಿ. ಮನೆಯಲ್ಲಿ ಒಬ್ಬನಿಗೇ ಗೊತ್ತಿರುವುದೂ ಸರಿಯಲ್ಲ. ಅವನು ಆಸ್ಪತ್ರೆ ಸೇರಿದರೆ ಅಂಗಡಿಯ ಲೆಕ್ಕವೂ ಅವನೊಂದಿಗೆ ಮಲಗುತ್ತದೆ. ಒಂದು ಚೀಟಿಯಲ್ಲಿ ಬರೆದು, ಲಕೋಟೆಯಲ್ಲಿ ಅಂಟಿಸಿ, ಜಮೀನಿನ ಕಾಗದಪತ್ರಗಳ ಜೊತೆ ಇಡಿ. ಗಂಡನಿಗೆ ಗೊತ್ತಿದ್ದಂತೆ ಹೆಂಡತಿಗೂ ಗೊತ್ತಿರಲಿ.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಆಡಳಿತ ಖಾತೆಯವನು ಇತರರ ಕೋಣೆಗಳನ್ನು ತೆರೆಯಬಲ್ಲ. ಮಗಳು ಬರೆದುಕೊಂಡ ದಿನಚರಿಯನ್ನೂ, ಹೆಂಡತಿ ತನ್ನ ತವರಿಗೆ ಬರೆದ ಪತ್ರವನ್ನೂ ಓದುವುದಕ್ಕೆ ಈ ಅಧಿಕಾರವನ್ನು ಬಳಸುವವನು ಬೇಲಿಯೇ ಎದ್ದು ಹೊಲ ಮೇಯುವ ಕೆಲಸ ಮಾಡುತ್ತಾನೆ. ಮನೆಯವರನ್ನು ಕಾಯುವುದಕ್ಕೆ ಬೀಗ. ಅವರ ಮೇಲೆ ಗೂಢಚಾರಿಕೆ ನಡೆಸುವುದಕ್ಕಲ್ಲ. ಎಳೆಯ ಮಕ್ಕಳ ಮೇಲೆ ಕಣ್ಣಿಡಬೇಕಾದರೆ ಅವರಿಗೆ ಹೇಳಿಯೇ ಇಡಿ.

ಇದರಿಂದ ಆಗದಿರುವುದು

ಇದೊಂದು ಸರ್ವರೋಗನಿವಾರಣಿ ಎಂದು ನಾವು ಹೇಳುವುದಿಲ್ಲ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಪ್ರೋಗ್ರಾಂಗಳು ಸಾಮಾನ್ಯ ಖಾತೆಯಲ್ಲಿದ್ದುಕೊಂಡೇ ಆ ಖಾತೆಯ ಕಡತಗಳನ್ನು ಹಾಳುಮಾಡಬಲ್ಲವು. ನಿಮ್ಮ ಲೆಕ್ಕವನ್ನು ತಿದ್ದುವ ಅಧಿಕಾರ ನಿಮಗಿರುವುದರಿಂದ ಅವಕ್ಕೂ ಇದೆ. ಆದ್ದರಿಂದ ವಾರಕ್ಕೊಮ್ಮೆ ಲೆಕ್ಕದ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದು, ಡಿಸ್ಕನ್ನು ಕಳಚಿ ಇಡಿ. 2017ರ ಮೇ ತಿಂಗಳಲ್ಲಿ ಜಗತ್ತಿನ ಅನೇಕ ದೇಶಗಳನ್ನು ಕಾಡಿದ ವಾನಾಕ್ರೈ ಎಂಬುದು ವಿಂಡೋಸಿನಲ್ಲೇ ಇದ್ದ ಬಿರುಕಿನಿಂದ ಯಾರ ಒಪ್ಪಿಗೆಯನ್ನೂ ಕೇಳದೆ ನುಗ್ಗಿತು. ಬಿರುಕು ಮುಚ್ಚುವ ತೇಪೆ ಮಾರ್ಚ್ ತಿಂಗಳಲ್ಲೇ ಹೊರಬಂದಿತ್ತು, ಹಾಕಿಕೊಳ್ಳದವರು ಕೆಟ್ಟರು. ಆದಕಾರಣ ಅಪ್‌ಡೇಟುಗಳನ್ನು ಮುಂದೂಡಬೇಡಿ. ವಿಂಡೋಸ್ 10ಕ್ಕೆ ಸಾಮಾನ್ಯವಾಗಿ ಸಿಗುತ್ತಿದ್ದ ಪುಕ್ಕಟೆ ತೇಪೆಗಳ ಕಾಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ನೆನಪಿರಲಿ.

ಬ್ಯಾಂಕಿನವರೆಂದೋ ಪೊಲೀಸರೆಂದೋ ಫೋನಿನಲ್ಲಿ ಗದರಿಸಿ ಪಾಸ್‌ವರ್ಡ್ ಹೊಡೆಸುವ ಮೋಸಗಾರನನ್ನು ಯಾವ ಖಾತೆಯೂ ತಡೆಯಲಾರದು. ಅಲ್ಲಿ ಕಾವಲುಗಾರರು ನೀವೇ.

ಮಿತ್ರರೇ, ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಮ್ಮ ಕೋಟೆ ಚಿಕ್ಕದು. ಆದರೆ ಅದರೊಳಗಿರುವುದು ಬೆವರಿನ ಲೆಕ್ಕ, ಮಕ್ಕಳ ವಿದ್ಯೆ. ಅದನ್ನು ಮತ್ತೆ ಕಟ್ಟಿಕೊಡುವ ಶ್ರೀಮಂತ ನೆಂಟರು ನಮಗಿಲ್ಲ. ಇಂದು ರಾತ್ರಿ ಊಟವಾದ ಮೇಲೆ ಕಂಪ್ಯೂಟರ್ ಹಚ್ಚಿ, ನಿಮ್ಮ ಹೆಸರಿನ ಕೆಳಗೆ ಏನು ಬರೆದಿದೆ ನೋಡಿ. ಕ್ರಮ ತಿಳಿದವರು ಪಕ್ಕದ ಮನೆಯವರಿಗೂ ಮಾಡಿಕೊಡಿ. ಪಾಸ್‌ವರ್ಡನ್ನು ಮಾತ್ರ ಅವರ ಕೈಯಿಂದಲೇ ಹೊಡೆಸಿ, ನೀವು ಮುಖ ಆಚೆ ತಿರುಗಿಸಿಕೊಳ್ಳಿ.