ಕಾಲೇಜಿನ ಅಂಗಳದಿಂದ ಸೈನ್ಯಾಧಿಕಾರಕ್ಕೆ
(ಗದಗಿನಲ್ಲಿ ವಿದ್ಯಾರ್ಥಿಗಳೆದುರು ಮಾಡಿದ ಭಾಷಣ)



1858ರಲ್ಲಿ ಮುಂಡರಗಿಯ ಭೀಮರಾಯನು ಪರಕೀಯರ ಮೇಲೆ ಕತ್ತಿ ಹಿರಿದ ನೆಲವಿದು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿಗಳಲ್ಲಿಯೂ ಶೌರ್ಯಕ್ಕೆ ಬರವಿಲ್ಲ; ಕೊರತೆಯಿರುವುದು ತಿಳಿವಳಿಕೆಗೆ.

ಪದವಿ ಕೈಸೇರಿದ ಮೇಲೆ ‘ಸೈನ್ಯಾಧಿಕಾರಿಯಾಗುವುದೆಂತು?’ ಎಂದು ಕೇಳುವ ತರುಣರನ್ನು ಕಂಡು ಮರುಗಿದ್ದೇನೆ. ಅದಕ್ಕೊಂದು ಸುಗಮವಾದ ಬಾಗಿಲು ತೆರೆದಿರುವುದು ಕಾಲೇಜಿನ ಮೊದಲ ವರ್ಷದಲ್ಲಿಯೇ. 1948ರಲ್ಲಿ ಸ್ಥಾಪಿತವಾದ ಎನ್.ಸಿ.ಸಿ.ಯನ್ನು ಆಗಲೇ ಸೇರಿರಿ. ‘ಸಿ’ ಪ್ರಮಾಣಪತ್ರವನ್ನು ‘ಬಿ’ ಶ್ರೇಣಿಗೆ ಕಡಿಮೆಯಾಗದಂತೆ ಪಡೆದು, ಪದವಿಯಲ್ಲಿ ಶೇಕಡಾ 50 ಅಂಕ ಗಳಿಸಿದವರು, ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆಯಿಲ್ಲದೆಯೇ ಭೂಸೈನ್ಯದ ಅಧಿಕಾರಿ ಹುದ್ದೆಗೆ ಅರ್ಜಿ ಹಾಕಬಹುದು. ಆರಿಸಲ್ಪಟ್ಟವರಿಗೆ ಆಯ್ಕೆ ಮಂಡಳಿಯ ಐದು ದಿನಗಳ ಪರೀಕ್ಷೆ, ವೈದ್ಯಕೀಯ ತಪಾಸಣೆ. ಗೆದ್ದವರಿಗೆ ಚೆನ್ನೈಯಲ್ಲಿ 49 ವಾರಗಳ ಶಿಕ್ಷಣ. ಆಮೇಲೆ ಲೆಫ್ಟಿನೆಂಟ್ ಪದವಿ. ಈ ಮಾರ್ಗವು ನಮ್ಮ ಹೆಣ್ಣುಮಕ್ಕಳಿಗೂ ತೆರೆದಿದೆ.

ಕೊಡಗಿನ ಕಾರ್ಯಪ್ಪನವರು ಮದ್ರಾಸಿನ ಕಾಲೇಜಿನಿಂದಲೇ 1919ರಲ್ಲಿ ಇಂದೂರಿಗೆ ಸೈನಿಕ ಶಿಕ್ಷಣಕ್ಕೆ ತೆರಳಿದರು. 1949ರಲ್ಲಿ ಸ್ವತಂತ್ರ ಭಾರತದ ಸೈನ್ಯಕ್ಕೆ ಮೊದಲ ಭಾರತೀಯ ದಂಡನಾಯಕರಾದರು.

ಪ್ರಾಧ್ಯಾಪಕರಲ್ಲಿ ನನ್ನದೊಂದೇ ಪ್ರಾರ್ಥನೆ: ಪ್ರವೇಶದ ದಿನವೇ ಈ ಮಾತನ್ನು ಮಕ್ಕಳ ಕಿವಿಗೆ ಹಾಕಿರಿ. ಮೂರು ವರ್ಷ ಕಳೆದ ಮೇಲೆ ಹೇಳಿದರೆ ಅದು ಉಪದೇಶವಲ್ಲ, ಬರಿಯ ಸಾಂತ್ವನ.